ಗಂಟಿನ ಪಕ್ಕದ ಕಪ್ಪು ಕವರ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಕಲಿತ ಮೊದಲ ವಿದ್ಯೆ ಪೊಟ್ಟಣ ಕಟ್ಟುವುದು. ಶಿವಾಜಿನಗರದ ಔಷಧಿ ಅಂಗಡಿಯಲ್ಲಿ ಹೆಂಗಸರು ಪ್ಯಾಡ್ ಕೇಳಿದರೆ ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಗಂಟು ಬಿಗಿದು ಕೊಡುತ್ತಿದ್ದೆ. ಒಳಗೇನಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನದೇ ಪ್ರಾವಿಷನ್ ಸ್ಟೋರ್ ಆದ ಮೇಲೂ ಅದೇ ಕೈ, ಅದೇ ಗಂಟು. ಹೆಣ್ಣುಮಕ್ಕಳ ಮರ್ಯಾದೆ ಕಾಯುವುದೆಂದರೆ ಇದೇ ಎಂದು ನಂಬಿದ್ದೆ.

ಅಂಗಡಿಯೆದುರಿನ ಫುಟ್‌ಪಾತಿನಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳು ವಾಸವಿದ್ದಳು. ರಟ್ಟು ಆಯ್ದು ಬದುಕುವವಳು. ತಿಂಗಳಲ್ಲಿ ನಾಲ್ಕು ದಿನ ಗೋಡೆಗೊರಗಿ ಕೂತೇ ಇರುತ್ತಿದ್ದಳು. ಸೋಮಾರಿ ಎಂದುಕೊಂಡಿದ್ದೆ. "ಎದ್ರೆ ಸೀರೆ ಮೇಲಿನ ಕಲೆ ಕಾಣ್ಸುತ್ತೆ ಕಣ್ರೀ. ಅದಕ್ಕೇ ಕೂತಿರ್ತಾಳೆ" ಎಂದು ಹೆಂಡತಿ ಹೇಳಿದ ಮೇಲೇ ನನಗೆ ತಿಳಿದದ್ದು. ಅವಳು ಕೂತ ದಿನ ರಟ್ಟಿಲ್ಲ, ರಟ್ಟಿಲ್ಲದ ದಿನ ಊಟವಿಲ್ಲ.

ಅಂದಿನಿಂದ ತಿಂಗಳಿಗೆರಡು ಪ್ಯಾಕೆಟ್ ಕೊಡಲು ಶುರು ಮಾಡಿದೆ. ಕೈಯಲ್ಲಿ ಕೊಡಲು ನಾಚಿಕೆ. ಬೆಳಗ್ಗೆ ಅವಳು ನೀರಿಗೆ ಹೋದಾಗ, ಎಂದಿನಂತೆ ಸುತ್ತಿ, ಅವಳ ಬಟ್ಟೆಗಂಟಿನ ಪಕ್ಕ ಇಟ್ಟು ಬರುತ್ತಿದ್ದೆ.

ಮೂರನೇ ತಿಂಗಳೂ ಅವಳು ಕೂತೇ ಇದ್ದಳು. ನನಗೆ ಸಿಟ್ಟು ಬಂತು.

"ಕೊಟ್ಟಿದ್ದನ್ನೂ ಮಾರ್ಕೊಂಡ್ಬಿಟ್ಯೇನಮ್ಮಾ?"

"ಏನ್ ಕೊಟ್ಟೀರಿ ಯಣ್ಣಾ?"

"ಕಪ್ಪು ಕವರು. ನಿನ್ನ ಗಂಟಿನ ಪಕ್ಕ ಇಡ್ತಿದ್ನಲ್ಲ."

ಅವಳು ನನ್ನನ್ನೇ ನೋಡಿದಳು. "ಅಯ್ಯ ನಿಮ್ಮ! ಅದನ್ನ ಇಟ್ಟವ್ರು ನೀವೇನ್ರೀ? ಯಾವಾಕಿನೋ ತನ್ನ ಹೊಲಸು ಕಟ್ಟಿ ನನ್ನ ಬಾಜೂಕ ಒಗದ್ ಹೋಗ್ಯಾಳ ಅಂತ ಬೈಕೋತ, ನಾನೇ ಕಸದ ಗಾಡಿಗೆ ಹಾಕೀನಲ್ರೀ!"

ಕೊಡುವುದಕ್ಕೆ ನಾನು ಹೇಗೆ ಕಟ್ಟುತ್ತಿದ್ದೆನೋ, ಊರೆಲ್ಲ ಬಳಸಿದ್ದನ್ನು ಎಸೆಯುವುದಕ್ಕೂ ಹಾಗೆಯೇ ಕಟ್ಟುತ್ತದೆ. ಕಸದ ನಡುವೆ ಬದುಕುವವಳಿಗೆ ಅದು ಗೊತ್ತಿತ್ತು.

ಅಂಗಡಿಗೆ ಹೋಗಿ ಪ್ಯಾಕೆಟ್ ಎತ್ತಿಕೊಂಡೆ. ಪೇಪರಿನತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಹಾಗೇ ಹಿಡಿದು ರಸ್ತೆ ದಾಟಿದೆ. ಬಸ್ಸಿನ ಕಿಟಕಿಯ ಜನರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನಿಸಿತು.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಕವರ್ ಬ್ಯಾರೆ ಕೊಡ್ರೀ. ಆಮ್ಯಾಲ ಕಟ್ಟಿ ಕಸಕ್ಕ ಒಗಿಯಾಕ ಬೇಕಾಗ್ತದ."

ಕೊಟ್ಟೆ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿ ಬಂದವಳು ಚೀಲ ಹೆಗಲಿಗೇರಿಸಿ ಮಾರ್ಕೆಟ್ ಕಡೆ ನಡೆದಳು. ಮಾರಿಕೊಂಡೆಯಾ ಎಂದ ಮಾತಿಗೆ ತಪ್ಪಾಯಿತು ಎನ್ನಬೇಕಿತ್ತು. ಈಗಲೂ ಪ್ರತಿ ತಿಂಗಳು ಅವಳ ಕೈಗೇ ಕೊಡುತ್ತೇನೆ. ಆ ಮಾತೊಂದು ಇನ್ನೂ ಬಾಯಿಗೆ ಬಂದಿಲ್ಲ.