ಅಳುವ ಸೀನಿಗೆ ಅಜ್ಜ

ನನ್ನ ಮಗಳು ಮೊದಲ ಸಲ ಸಿನಿಮಾದಲ್ಲಿ ಬಂದಾಗ ಕಂಡದ್ದು ಅವಳ ಬೆನ್ನು ಮಾತ್ರ. ಕೊಲ್ಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮರಾಠಿ ಸಿನಿಮಾದ ಶೂಟಿಂಗ್ ನಡೆದಿತ್ತು. ಮದುವೆ ಮೆರವಣಿಗೆಯ ಹಿಂದೆ ಓಡುವ ಮಕ್ಕಳಲ್ಲಿ ಇವಳೂ ಒಬ್ಬಳು. ಇಚಲಕರಂಜಿಯ ಥಿಯೇಟರಿನಲ್ಲಿ ನಾವೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದೆವು. ಆ ಹಳದಿ ಲಂಗ ಪರದೆಯ ಅಂಚಿಗೆ ಸರಿದು ಮಾಯವಾದ ಮೇಲೂ ಮತ್ತೆ ಬಂದೀತೆಂದು ಕಾದೆವು. ಹೊರಗೆ ಬಂದು ನನ್ನ ಅಪ್ಪ, "ಬೆನ್ನ ನೋಡಿದ್ರೂ ಗೊತ್ತಾಗ್ತೈತಿ ನಮ್ಮವ್ವಿ ಅಂತ" ಎಂದರು. ಮೊಮ್ಮಗಳನ್ನು ಅವರು ಕರೆಯುತ್ತಿದ್ದದ್ದೇ ಅವ್ವಿ ಎಂದು.

ಅವಳಿಗಾಗ ಏಳು ವರ್ಷ. ಆ ಸಿನಿಮಾದಲ್ಲಿ ಕೆಲಸ ಮಾಡಿದವರೊಬ್ಬರು ಕೆಲವು ತಿಂಗಳ ಮೇಲೆ ಅವಳನ್ನು ಟಿವಿ ಧಾರಾವಾಹಿಗೆ ಕರೆದರು. ತಾಯಿ ತೀರಿಕೊಂಡು ಚಿಕ್ಕಮ್ಮನ ಕೈಯಲ್ಲಿ ಬೆಳೆಯುವ ಹುಡುಗಿಯ ಪಾತ್ರ. ಕೊಲ್ಹಾಪುರದ ಹೊರಗಿನ ಹಳೆಯ ವಾಡೆಯ ದೊಡ್ಡ ಮನೆಯೊಂದರಲ್ಲಿ ಶೂಟಿಂಗ್.

ನಮ್ಮದು ಇಚಲಕರಂಜಿಯ ಶಹಾಪುರದಲ್ಲಿ ಪವರ್‌ಲೂಮ್ ಇರುವ ಮನೆ. ಗೋಡೆಯಾಚೆ ಮಗ್ಗ ಓಡುತ್ತಿದ್ದರೆ ಉಪ್ಪು ಕೊಡು ಎನ್ನುವುದನ್ನೂ ಕೂಗಿಯೇ ಹೇಳಬೇಕು. ಕಾನ್ವೆಂಟಿನಲ್ಲಿ ಮೆಲ್ಲಗೆ ಮಾತಾಡಿ ಬೆಳೆದ ನಾನು, ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯವರು ದಿನವಿಡೀ ಜಗಳಾಡುತ್ತಾರೆಂದೇ ತಿಳಿದಿದ್ದೆ. ಮಗಳಿಗೂ ಅದೇ ಗಂಟಲು ಬಂದಿತ್ತು. ಶೂಟಿಂಗಿನ ಮೊದಲ ದಿನ ಅವಳು ಬಾಯಿ ತೆಗೆದದ್ದೇ ತಡ, ಸೌಂಡ್ ನೋಡಿಕೊಳ್ಳುವವರು ಕಿವಿಯಿಂದ ಹೆಡ್‌ಫೋನ್ ಕಿತ್ತು ಹಿಡಿದುಕೊಂಡರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮಗ್ಗ ಬಿಟ್ಟು ಬರಲು ನನ್ನ ಗಂಡನಿಗೆ ಆಗುತ್ತಿರಲಿಲ್ಲ. ಹಾಗಾಗಿ ಅಪ್ಪ ನನ್ನ ತವರು ಗಡಹಿಂಗ್ಲಜದಿಂದ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ನಮಗಾಗಿ ನಿಂತಿರುತ್ತಿದ್ದರು. ಜೀವಮಾನವೆಲ್ಲ ಮೆಣಸಿನಕಾಯಿ ವ್ಯಾಪಾರ ಮಾಡಿದವರು; ಒಗೆದು ಇಸ್ತ್ರಿ ಮಾಡಿದ ಧೋತರದಲ್ಲೂ ಖಾರದ ಘಾಟು ಉಳಿದಿರುತ್ತಿತ್ತು. ಮೇಕಪ್ ಮಾಡುವವರಿಗೆ ಸೀನು ಬರುತ್ತದೆಂದು ಅಪ್ಪನ ಕುರ್ಚಿಯನ್ನು ಅಂಗಳದ ತುಳಸಿಕಟ್ಟೆಯ ಹತ್ತಿರ ಹಾಕಿದ್ದರು.

ಅಳುವ ಸೀನು ಬಂದ ದಿನ ಸಹಾಯಕ ನಿರ್ದೇಶಕಿ ಮಗಳ ಮುಂದೆ ಮಂಡಿಯೂರಿ ಕೂತಳು. ತುಂಬ ಒಳ್ಳೆಯ ಹುಡುಗಿ. ಮಕ್ಕಳ ಕಣ್ಣಿಗೆ ಗ್ಲಿಸರಿನ್ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ನಿನಗೆ ಎಲ್ಲರಿಗಿಂತ ಯಾರು ಹೆಚ್ಚು ಇಷ್ಟ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಪಕ್ಕದಲ್ಲೇ ಮಗಳ ಫ್ರಾಕಿನ ಬೆನ್ನಿಗೆ ಪಿನ್ನು ಚುಚ್ಚುತ್ತಿದ್ದೆ.

"ಅಜ್ಜ" ಎಂದಳು ಮಗಳು.

"ಹಾಗಾದರೆ ಅಜ್ಜ ಇನ್ನಿಲ್ಲ ಅಂದುಕೋ ಪುಟ್ಟಾ."

ನನ್ನ ಕೈ ಪಿನ್ನಿನ ಮೇಲೇ ನಿಂತಿತು. ಅಂಗಳದಿಂದ ಅಪ್ಪ ನಕ್ಕದ್ದು ಕೇಳಿಸಿತು. "ಅಂದ್ಕೋ ಅವ್ವಿ, ಅಂದ್ಕೋ. ಸುಳ್ಳ ಸತ್ತ ಸುದ್ದಿ ಬಂದ್ರ ಆಯುಷ್ಯ ಹೆಚ್ಚಾಗ್ತೈತಿ. ನೀ ದಿನಾ ನನ್ನ ಸಾಯಿಸು, ನಾ ನೂರಾ ವರ್ಷ ಇರ್ತೇನಿ." ಮರಾಠಿಯಲ್ಲೂ ಅದನ್ನೇ ಹೇಳಿ ಅಲ್ಲಿದ್ದವರನ್ನೆಲ್ಲ ನಗಿಸಿದರು. ನಮ್ಮ ಕಡೆ ಎಲ್ಲರೂ ನಂಬುವ ಮಾತೇ ಅದು. ಬದುಕಿರುವವರು ಸತ್ತರೆಂದು ತಪ್ಪು ಸುದ್ದಿ ಬಂದರೆ ಆ ಮನೆಯಲ್ಲಿ ಸಕ್ಕರೆ ಹಂಚುತ್ತಾರೆ.

ಮಗಳು ಅಜ್ಜನ ಕಡೆ ಒಮ್ಮೆ ನೋಡಿದಳು. ಕೆಳತುಟಿ ನಡುಗಿತು. ಆಮೇಲೆ ಬಂದ ಅಳು ನಾನು ಹೆತ್ತ ಮಗುವಿನಿಂದ ಎಂದೂ ಕೇಳಿರದ ಅಳು. ಟೇಕ್ ಓಕೆ ಆಯಿತು. ಅವಳು ನೇರ ಓಡಿಹೋಗಿ ಅಜ್ಜನ ಕೈ ಹಿಸುಕಿ ನೋಡಿದಳು. "ಇಲ್ಲೇ ಅದೀನಲ್ಲವ್ವಿ, ಎಲ್ಲಿ ಹೋಗ್ಲಿ" ಎಂದು ಅಪ್ಪ ಅವಳ ಬಾಯಿಗೆ ಪೆಪ್ಪರಮಿಂಟು ಹಾಕಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಅಳುವ ಸೀನಿದ್ದರೆ ಹಿಂದಿನ ದಿನವೇ ಶೂಟಿಂಗಿನವರ ಫೋನು, ಆಜೋಬಾ ಬರುತ್ತಾರಲ್ಲವೇ ಎಂದು. ನನ್ನ ಅತ್ತೆಗೆ ಈ ವ್ಯವಹಾರವೇ ಸರಿಬರುತ್ತಿರಲಿಲ್ಲ. ನಾನು ಅಪ್ಪನಿಗೆ ತಿಳಿಸುವಾಗ ಫೋನು ಕಸಿದುಕೊಂಡು, "ಏನ್ರಿ ಬೀಗರ, ನಾಳಿಗೂ ಸಾಯಾಕ ಹೊಂಟೀರೇನು?" ಎನ್ನುತ್ತಿದ್ದರು.

"ಹೌದ್ರಿ ಅವ್ವಾರ, ನಾಳೆ ಎರಡ ಸಲ ಐತಂತ. ಊಟಾ ಮಾತ್ರ ಭಾಳ ಚಲೋ ಹಾಕ್ತಾರ."

ಮಗಳು ಕೊನೆಯ ಸಲ ಹಾಗೆ ಅತ್ತ ಸೀನು ನನ್ನ ಕಣ್ಣಿಗೆ ಕಟ್ಟಿದಂತಿದೆ. ತಾಯಿಯ ಸೀರೆ ಇಟ್ಟ ಟ್ರಂಕು ತೆರೆದು ಅದರ ಮೇಲೆ ಬಿದ್ದು ಅಳಬೇಕು. ಒಂದೇ ಟೇಕಿಗೆ ಮುಗಿಯಿತು. ಲೈಟ್ ಹಿಡಿದವರೂ ಚಪ್ಪಾಳೆ ತಟ್ಟಿದರು. ಅಂಗಳದಲ್ಲಿ ಅಪ್ಪನೂ ಎದ್ದುನಿಂತು ತಟ್ಟಿದರು. ಆ ವಾರ ಮುಗಿಯುವುದರೊಳಗೆ, ಬೆಳಗಿನ ಪೂಜೆಗೆ ಕೂತವರು ಕೂತಲ್ಲೇ ಹೋದರು.

ಶಾಲೆಯಿಂದ ಮಗಳನ್ನು ಯೂನಿಫಾರ್ಮಿನಲ್ಲೇ ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಶಲ್ಯ ಹೊದಿಸಿ ಅಪ್ಪನನ್ನು ಕೂಡಿಸಿದ್ದರು. ಭಜನೆ ನಡೆದಿತ್ತು. ಮಗಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅಜ್ಜನ ಕೈ ಹಿಡಿದು ಹಿಸುಕಿದಳು. ಹಿಸುಕಿ ಮುಖ ನೋಡಿದಳು. ಇನ್ನೊಮ್ಮೆ ಹಿಸುಕಿದಳು. ಆಮೇಲೆ ಬಂದು ನನ್ನ ಪಕ್ಕ ಕೂತಳು. ಒಂದು ಹನಿ ಬರಲಿಲ್ಲ.

"ಟಿವ್ಯಾಗ ಹೆಂಗ ಅಳತಿತ್ತು ಹುಡುಗಿ. ಇಲ್ಲಿ ನೋಡ್ರಿ, ಸುಮ್ಮ ಕುಂತೈತಿ" ಎಂದು ಓಣಿಯ ಹೆಂಗಸೊಬ್ಬಳು ಪಿಸುಗುಟ್ಟಿದಳು.

"ಅಲ್ಲಿ ಕ್ಯಾಮೆರಾ ಇರ್ತಾವ. ಇಲ್ಲೇನೈತಿ?" ಎಂದಳು ಮತ್ತೊಬ್ಬಳು.

ನನಗೆ ಕೇಳಿಸಿತೆಂದರೆ ಮಗಳಿಗೂ ಕೇಳಿಸಿರಬೇಕು. ಸಮಾಧಿಯ ಕುಣಿಗೆ ಎಲ್ಲರೂ ಬಿಲ್ವಪತ್ರಿ ಹಾಕುವಾಗ ಅವಳೂ ಹಾಕಿದಳು, ಕಾಲಿನ ಸಾಕ್ಸಿಗೆ ಮಣ್ಣು ಮೆತ್ತಿಕೊಂಡು. ಸಣ್ಣ ಕೂಸು, ಗಾಬರಿಯಾಗಿದೆ ಎಂದುಕೊಂಡೆ.

ಶೂಟಿಂಗಿನವರು ನಮಗಾಗಿ ಕಾದರು. ಮತ್ತೆ ಹೋದಾಗ ಅಳುವ ಸೀನೇ ಇತ್ತು. ಸಹಾಯಕ ನಿರ್ದೇಶಕಿ ಅಜ್ಜನ ಹೆಸರೆತ್ತಲಿಲ್ಲ. ಮೆಲ್ಲಗೆ ತಲೆ ಸವರಿ, ನಿನಗೆ ಬಂದಂತೆ ಮಾಡು ಎಂದಳು. ಮಗಳು ಡೈಲಾಗ್ ತಪ್ಪದೆ ಹೇಳಿದಳು. ಅಳು ಬರಲಿಲ್ಲ. ಮತ್ತೆ ಮಾಡಿದರು, ಬರಲಿಲ್ಲ. ಕಿಟಕಿಯ ಬಿಸಿಲು ಇಳಿಯುತ್ತಿತ್ತು. ಎಲ್ಲರೂ ನನ್ನ ಮುಖ ನೋಡತೊಡಗಿದರು. ನಾನು ಅವಳನ್ನು ಅಡುಗೆಮನೆಯ ಮೂಲೆಗೆ ಕರೆದೊಯ್ದು ಹೇಳಿದೆ, "ಅವ್ವಿ, ನನ್ನ ಅಂದ್ಕೋ. ಮಮ್ಮಿ ಇಲ್ಲ ಅಂತ..."

ಅವಳು ನನ್ನ ಬಾಯಿ ಮುಚ್ಚಿದಳು. ಎರಡೂ ಅಂಗೈಯಿಂದ, ಬಲವಾಗಿ. ಬಣ್ಣ ಹಚ್ಚಿದ ಮುಖದಲ್ಲಿ ಕಣ್ಣು ಮಾತ್ರ ಅವಳದಾಗಿತ್ತು.

"ಹಂಗನಬ್ಯಾಡ. ಅಂದ್ಕೊಂಡ್ರ ಖರೇ ಆಗ್ತೈತಿ."

ಅವಳ ಕೈ ಕೊಂಚ ಸಡಿಲಿಸಿ, "ಇಲ್ಲವ್ವಿ. ಅಜ್ಜಗ ಹಾರ್ಟ್ ತ್ರಾಸ ಇತ್ತು, ಡಾಕ್ಟರ್ ಹೇಳ್ಯಾರ" ಎಂದೆ.

"ಚಪ್ಪಾಳಿ ಹೊಡದ್ರಲ್ಲ, ಆವತ್ತ ನಾ ಖರೇನ ಅಂದ್ಕೊಂಡಿದ್ದೆ ಮಮ್ಮಿ. ದಿನಾ ಸುಳ್ಳ ಅಂದ್ಕೊಂತಿದ್ದೆ. ಆವತ್ತ ಖರೇ."

"ಆಯುಷ್ಯ ಹೆಚ್ಚಾಗ್ತೈತಿ ಅಂತ ಅಜ್ಜನ ಹೇಳಿದ್ದನಲ್ಲ?"

"ಹೆಚ್ಚಾಗಲಿಲ್ಲಲ್ಲ."

ಹೊರಗೆ ಯಾರೋ ಚಹಾದ ಟ್ರೇ ಇಟ್ಟ ಸದ್ದಾಯಿತು. ಅವಳ ಕೈಯನ್ನು ನನ್ನ ತುಟಿಯ ಮೇಲೇ ಬಿಟ್ಟುಕೊಂಡು ನಿಂತೆ. ಆಮೇಲೆ ಹೋಗಿ ನಿರ್ದೇಶಕರಿಗೆ, ಇನ್ನು ಇವಳು ಅಳುವುದಿಲ್ಲ ಎಂದೆ. ಸಭ್ಯ ಮನುಷ್ಯ, ಏನೂ ಕೇಳಲಿಲ್ಲ. ಆ ಸೀನಿನಲ್ಲಿ ಚಿಕ್ಕಮ್ಮನೇ ಅತ್ತಳು. ಕೆಲವು ವಾರಗಳಲ್ಲಿ ಧಾರಾವಾಹಿಯ ಕಥೆ ವರ್ಷಗಳನ್ನು ದಾಟಿ, ಹುಡುಗಿಯ ಜಾಗಕ್ಕೆ ಪ್ರಾಯದ ನಟಿ ಬಂದಳು.

ಈಗಲೂ ಮದುವೆ ಮುಂಜಿಗಳಲ್ಲಿ ಕೇಳುತ್ತಾರೆ, ಮಗಳನ್ನು ಯಾಕೆ ಬಿಡಿಸಿದಿರಿ, ಎಷ್ಟು ಚಂದ ಅಳುತ್ತಿದ್ದಳು ಎಂದು. ಓದು ಇದೆಯಲ್ಲ ಎನ್ನುತ್ತೇನೆ. ಅವಳಿಗೆ ಹನ್ನೆರಡು ವರ್ಷವಾಯಿತು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಕಿತ್ತು ಬಂದರೂ ಅಳುವುದಿಲ್ಲ. ಹಾರ್ಟ್ ಎಂದರೇನು, ಅದು ಹೇಗೆ ನಿಲ್ಲುತ್ತದೆ ಎಂದು ಡಾಕ್ಟರಿಂದಲೇ ಹೇಳಿಸಿದೆ. ತಲೆಯಾಡಿಸಿ ಕೇಳಿದಳು. ನಂಬಿದಳೋ ಇಲ್ಲವೋ ತಿಳಿಯದು.

ಮೊನ್ನೆ ನಾನು ಕಬನೂರಿಗೆ ಸಂಬಂಧಿಕರ ಮನೆಗೆ ಹೋದವಳು, ಫೋನಿನ ಚಾರ್ಜು ಮುಗಿದು, ಹೇಳಿದ್ದಕ್ಕಿಂತ ತಡವಾಗಿ ಮರಳಿದೆ. ಆ ದಿನ ಕರೆಂಟ್ ಇಲ್ಲದೆ ಮಗ್ಗಗಳು ನಿಂತಿದ್ದವು, ಓಣಿಯೆಲ್ಲ ಸ್ತಬ್ಧ. ಬಾಗಿಲ ಹೊರಗೆ ಚಪ್ಪಲಿ ಬಿಡುವಾಗ ಒಳಗಿನಿಂದ ಅವಳ ದನಿ ಕೇಳಿತು. ಹದಿನೇಳರ ಮಗ್ಗಿ. ಮುಗಿದ ಕೂಡಲೇ ಉಸಿರು ಬಿಡದೆ ಹದಿನೆಂಟರದು. ಶಾಲೆಗೆ ರಜೆ, ಪರೀಕ್ಷೆಯೂ ಇರಲಿಲ್ಲ. ಬಾಗಿಲ ಬಳಿ ಕೂತಿದ್ದ ಅತ್ತೆ, "ನೀ ಬರೂದು ತಡಾ ಆದ್ರ ಸಾಕು, ಹಿಂಗ ಸುರು ಮಾಡ್ತಾಳ ನೋಡು. ನಡುವ ಮಾತಾಡಿಸಿದ್ರ ಸಿಟ್ಟಾಗ್ತಾಳ" ಎಂದರು.

ತಲೆಯೊಳಗೆ ಬೇರೆ ಯಾವ ಯೋಚನೆಗೂ ಜಾಗ ಕೊಡದಂತೆ ಅವಳು ಎಣಿಸುತ್ತಿದ್ದಳು. ನಾನು ಹೊಸ್ತಿಲು ದಾಟಿದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಮಗ್ಗಿ ಅರ್ಧಕ್ಕೇ ನಿಂತಿತು.

"ಬಂದ್ಯಾ" ಎಂದು, ನೀರು ತರಲು ಒಳಗೆ ಹೋದಳು.