ಅಲ್ಲಾಡಿಸಿ ಆರಿಸಿದ ಡ್ಯಾಶ್ ಕ್ಯಾಮ್

ಮಾದಪ್ಪನ ಬೆಟ್ಟದ ಕಡೆಯ ಗುಂಡಿ ರಸ್ತೆಗೆ ಯಾವ ಡ್ಯಾಶ್ ಕ್ಯಾಮ್ ಒಳ್ಳೇದು ಅಂತ ಕೊಳ್ಳೇಗಾಲದ ಒಬ್ಬ ಅಂಗಡಿಯವರನ್ನು ಕೇಳಿದೆ. ಅವರು ಮೂರು ಕ್ಯಾಮೆರಾಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ನೋಡುವ ಹಾಗೆ ಅಲ್ಲಾಡಿಸಿದರು. "ಇದ್ರೊಳಗೆ ಏನೂ ಲೊಡಲೊಡ ಅನ್ನಕಿಲ್ಲ ಸಾ, ಇದ್ನೇ ತಕಳಿ" ಅಂದರು. ಅದಕ್ಕೆ ಪರದೆ ಇರಲಿಲ್ಲ. ತೆಗೆದ ವಿಡಿಯೊವನ್ನು ಮೊಬೈಲಿನಲ್ಲೇ ನೋಡಬೇಕು. ಪೂಜೆ ಮಾಡದೆ ಯಾವ ಸಾಮಾನನ್ನೂ ಹೊರಗೆ ಬಿಡುವವರಲ್ಲ ಅವರು. ಒಳಗೆ ತಗೊಂಡು ಹೋಗಿ ಊದುಬತ್ತಿ ಬೆಳಗಿ ತಂದು, ತಾವೇ ಕಾರಿನ ಗಾಜಿಗೆ ಅಂಟಿಸಿಕೊಟ್ಟರು.

ಅಜ್ಜೀಪುರದಲ್ಲಿ ನನ್ನ ಮುಂದಿದ್ದ ಗೂಡ್ಸ್ ಆಟೊ ಗುಂಡಿ ಕಂಡು ಹಿಂದಕ್ಕೆ ಬಂದು, ಕಾರಿನ ಮೂತಿಗೆ ಗುದ್ದಿತು. ಡ್ರೈವರ್ ಇಳಿದವನೇ, "ನೀವೇ ಬಂದು ಗುದ್ಬುಟ್ಟು ನನ್ನೇನ್ ನೋಡೀರಿ ಸಾ?" ಅಂದ. ಜನ ಸೇರಿದರು. ಎಲ್ಲರೂ ಅವನ ಊರಿನವರೇ.

"ಕ್ಯಾಮೆರಾ ಇದೆ, ನೋಡೇಬಿಡೋಣ" ಅಂತ ನಾನು ಜಂಬದಿಂದ ಮೊಬೈಲ್ ಎತ್ತಿ ಹಿಡಿದೆ.

ರಸ್ತೆಯೂ ಇಲ್ಲ, ಆಟೊವೂ ಇಲ್ಲ. ಮೊಬೈಲ್ ತುಂಬ ಮೂರು ಬಿಳಿ ಪಟ್ಟೆ, ನಡುವೆ ಒಂದು ಕೆಂಪು ಬೊಟ್ಟು. ಆ ಅಂಗಡಿಯ ಪುಣ್ಯಾತ್ಮ ಲೆನ್ಸಿಗೇ ವಿಭೂತಿ ಬಳಿದು ಕುಂಕುಮ ಇಟ್ಟಿದ್ದ!

ನಾನು ಮೊಬೈಲ್ ಕೆಳಗಿಳಿಸಲು ಹೋದೆ. ಅಷ್ಟರಲ್ಲಿ ಗುಂಪಿನಲ್ಲಿದ್ದ ಅಜ್ಜನೊಬ್ಬ ಚಪ್ಪಲಿ ಬಿಟ್ಟು ಮೊಬೈಲಿಗೆ ಕೈಮುಗಿದು, "ಲೇ, ಮಾದಪ್ಪನ ಮುಂದೆ ಸುಳ್ಳು ಯೋಳ್ಬೇಡ ಕಣ್ಲಾ" ಅಂತ ಡ್ರೈವರನ್ನು ಗದರಿದ.

ಡ್ರೈವರ್ ಕೆನ್ನೆ ಕೆನ್ನೆ ಬಡಿದುಕೊಂಡ. "ನಂದೇ ತೆಪ್ಪು ಸಾ."

ಯಾವ ಡ್ಯಾಶ್ ಕ್ಯಾಮ್ ಒಳ್ಳೇದು ಅಂತ ಈಗ ಗೆಳೆಯರು ನನ್ನನ್ನು ಕೇಳುತ್ತಾರೆ. ಆ ಅಂಗಡಿಗೇ ಕಳಿಸುತ್ತೇನೆ. ನನ್ನ ಲೆನ್ಸ್ ಮಾತ್ರ ಇವತ್ತಿಗೂ ಒರೆಸಿಲ್ಲ.