ಅರ್ಧಕ್ಕೇ ಎದ್ದು ಬಂದ ಇಂಗ್ಲಿಷ್ ಪಿಕ್ಚರ್

ನಾನು ಚಿಕ್ಕವಳಿದ್ದಾಗ ಒಂದು ಕಡೆ ಸುಮ್ಮನೆ ಕೂತವಳೇ ಅಲ್ಲ. ಕಾಲು ಅಲ್ಲಾಡಬೇಕು, ಕಾಲು ಸುಮ್ಮನಿದ್ದರೆ ಬಾಯಿ ಆಡಬೇಕು. “ಇದಕ್ಕೇನ ಇರುವಿ ಕಡದಾವೇನ?” ಎಂದು ಅವ್ವ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಆದರೆ ಆ ಒಂದು ರವಿವಾರ ನಾನು ಚಡಪಡಿಸಿದ್ದಕ್ಕೆ ಬೇರೆ ಕಾರಣವಿತ್ತು. ಹೇಳುತ್ತೇನೆ, ಮೊದಲು ಆ ಮೊಬೈಲು ಕೆಳಗಿಡಿ.

ನಮ್ಮದು ನಿಪ್ಪಾಣಿ. ಅವ್ವ ತಂಬಾಕಿನ ವಖಾರಿಯಲ್ಲಿ, ಅಂದರೆ ತಂಬಾಕು ಕುಟ್ಟಿ, ಜರಡಿ ಹಿಡಿದು ಚೀಲ ತುಂಬುವ ಗೋದಾಮಿನಲ್ಲಿ, ಕೆಲಸ ಮಾಡುತ್ತಿದ್ದಳು. ಅಲ್ಲಿಯ ಘಾಟು ಎಂಥದ್ದೆಂದರೆ ಹೊರಗೆ ರಸ್ತೆಯಲ್ಲಿ ಹೋಗುವವರಿಗೂ ಸೀನು ಬರುತ್ತಿತ್ತು. ಆ ವರ್ಷ ಅವ್ವ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಳು. ಅವಳ ಜಾಗ ಹೋಗಬಾರದೆಂದು ಅಕ್ಕ ಶಾಲೆ ಬಿಟ್ಟು ವಖಾರಿಗೆ ಹೋಗತೊಡಗಿದಳು. ಅವಳು ಆಗ ಏಳನೇ ಇಯತ್ತೆ. ಏಳನೆಯದಕ್ಕೆ ನಾವು ಮುಲ್ಕಿ ಅನ್ನುತ್ತಿದ್ದೆವು, ಅದು ಪಾಸಾದರೆ ಆ ಕಾಲಕ್ಕೆ ದೊಡ್ಡ ಮಾತು. ಅಕ್ಕ ವಖಾರಿಯಿಂದ ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಪಾಠ ಬಾಯಿಪಾಠ ಮಾಡುತ್ತಿದ್ದಳು. ಅವಳ ಪುಸ್ತಕದ ಹಾಳೆಗಳಿಗೂ ತಂಬಾಕಿನ ವಾಸನೆ ಹತ್ತಿತ್ತು.

ಪರೀಕ್ಷೆ ಸೋಮವಾರದಿಂದ ಮೂರು ದಿನ. ರಜೆ ಕೇಳಿದ್ದಕ್ಕೆ ವಖಾರಿಯ ಮುಕಾದಮ, ಕೆಲಸದ ಹೆಂಗಸರ ಮೇಲೆ ಕಣ್ಣಿಡುವವನು, “ಒಂದ ದಿನ ತಪ್ಪಿಸಿದ್ರೂ ನಿಮ್ಮವ್ವನ ಜಾಗಾ ಮತ್ತೊಬ್ಬಾಕಿಗೆ ಹೋಗತೈತಿ” ಎಂದು ಗದರಿಸಿ ಕಳಿಸಿದ್ದ. ಅಪ್ಪ ಎತ್ತಿನ ಗಾಡಿಯಲ್ಲಿ ತಂಬಾಕಿನ ಬೋದು, ಅಂದರೆ ದೊಡ್ಡ ಮೂಟೆ, ಹೇರುತ್ತಿದ್ದವನು, ಕೆಟ್ಟವನಲ್ಲ. “ಮುಂದಿನ ವರ್ಷ ಕೂಡವಂತಿ ತಗೊ” ಎಂದ. ಅಕ್ಕ ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ವಖಾರಿಯ ಸಾವಕಾರರು ಮಗನ ಮದುವೆಯ ಖುಷಿಗೆ ಕೆಲಸದ ಹೆಂಗಸರಿಗೆಲ್ಲ ರವಿವಾರ ಮುಂಜಾನೆ ಪುಕ್ಕಟೆ ಪಿಕ್ಚರ್ ತೋರಿಸುತ್ತಾರಂತೆ, ತಾವೂ ಬಂದು ಕೂಡುತ್ತಾರಂತೆ! ಅಕ್ಕ ನನ್ನ ಕಿವಿಯಲ್ಲಿ, “ನಾ ಸಾವಕಾರ್ರನ್ನ ಕೇಳತೀನಿ, ಯಾರ ಮುಂದೂ ಹೇಳಬ್ಯಾಡ” ಎಂದಳು. ಅವರನ್ನು ಏನೆಂದು ಕೇಳಬೇಕು ಎಂಬ ಮಾತನ್ನು ದಾರಿಯುದ್ದಕ್ಕೂ ಪಾಠದ ಹಾಗೆ ಗುಣುಗುಣಿಸಿದಳು. ಮುಂಜಾನೆಯಿಂದ ತುತ್ತು ಅನ್ನ ಮುಟ್ಟಿರಲಿಲ್ಲ.

ಟಾಕೀಸಿನ ಮೇಲಿನ ತಗಡಿನ ಪತ್ರಾಸ ಬಿಸಿಲಿಗೆ ಕಾದು ಟಪ್ ಟಪ್ ಅನ್ನುತ್ತಿತ್ತು. ನಾವೆಲ್ಲ ನೆಲದ ಮೇಲೆ, ಸಾವಕಾರರು ಹಿಂದೆ ಕುರ್ಚಿಯ ಮೇಲೆ, ಪಕ್ಕದಲ್ಲಿ ಮುಕಾದಮ. ಅವರು ತರಿಸಿದ್ದು ದೇವರ ಪಿಕ್ಚರ್. ಹೆಂಗಸರು ಆರತಿ ಹಿಡಿಯಲು ಕರ್ಪೂರ ಕೂಡ ತಂದಿದ್ದರು. ಆದರೆ ಕೊಲ್ಲಾಪುರದ ಬಸ್ಸಿನಲ್ಲಿ ರೀಲಿನ ಡಬ್ಬಿ ಅದಲುಬದಲಾಗಿ ಬಂದದ್ದು ಯಾವುದೋ ಹಳೆಯ ಇಂಗ್ಲಿಷ್ ಪಿಕ್ಚರ್! ಮಿಶಿನ್ ನಡೆಸುವವನು ತಲೆ ಕೆರೆದುಕೊಂಡು, “ಇದು ಪ್ಯಾಟ್ಯಾಗೂ ಮೂರ ದಿನ ಓಡಿಲ್ಲಂತ್ರಿ, ಬರೇ ಬಡವರ ಗೋಳಂತ” ಎಂದ. ಬಂದವರನ್ನು ಹಾಗೇ ಕಳಿಸಬಾರದೆಂದು ಸಾವಕಾರರು ಅದನ್ನೇ ಹಚ್ಚಲು ಹೇಳಿದರು. ಶಾಲೆಯ ಇಂಗ್ಲಿಷ್ ಮಾಸ್ತರನ್ನು ಕರೆಸಿ, ಪರದೆಯ ಪಕ್ಕ ನಿಂತು ಕಥೆ ತಿಳಿಸಿ ಹೇಳುವ ಕೆಲಸ ಕೊಟ್ಟರು. ಮಾಸ್ತರರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ.

ಪರದೆಯ ಮೇಲೆ ಮೊದಲು ಹೊಗೆ ಕಂಡಿತು. ಹೊಗೆಯಲ್ಲ, ಉಗಿ. ದೊಡ್ಡ ದೋಬಿಖಾನೆ, ಸಾಲಾಗಿ ನಿಂತು ಇಸ್ತ್ರಿ ತಿಕ್ಕುವ ಬಿಳಿ ಹೆಂಗಸರು.

“ಯವ್ವಾ! ಬಿಳೇ ಮಂದಿನೂ ಅರಬಿ ಒಗಿತಾರೇನ ಬೇ?” ಎಂದು ನನ್ನ ಪಕ್ಕದ ಮುದುಕಿ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅವಳು ವಖಾರಿಯ ಎಲ್ಲರಿಗಿಂತ ಹಿರಿಯಳು, ಎಲ್ಲರೂ ಆಯಿ ಅನ್ನುತ್ತಿದ್ದರು. ಪರದೆಯ ಮೇಲಿನ ಹೆಂಗಸರಲ್ಲೊಬ್ಬಳು ಕೆಮ್ಮಿದಳು. ತಕ್ಷಣ ನಮ್ಮ ಸಾಲಿನಲ್ಲಿ ನಾಲ್ಕು ಜನ ಕೆಮ್ಮಿದರು. “ನೋಡಾಕಿ ನಮ್ಮಂಗ ಕೆಮ್ಮತಾಳ” ಎಂದು ಒಬ್ಬಳು ಮರುಗಿದಳು. ಕರ್ಪೂರದ ಪೊಟ್ಟಣ ಮರೆತು ಎಲ್ಲರೂ ಮುಂದೆ ಸರಿದು ಕೂತರು. ಪರದೆಯ ಮೇಲಿನ ಮಾಲೀಕ ಗಡಿಯಾರ ಹಿಡಿದು ಓಡಾಡುತ್ತ, ದಣಿದು ಕೂತ ಮುದುಕಿಯೊಬ್ಬಳನ್ನು ಎಬ್ಬಿಸಿ ಹೊರಗೆ ಹಾಕಿದಾಗಂತೂ ಆಯಿ, “ನಿನ್ನ ಬಾಯಾಗ ಮಣ್ಣ ಹಾಕ!” ಎಂದು ಕೂಗಿಯೇ ಬಿಟ್ಟಳು. ಹಿಂದೆ ಕುರ್ಚಿ ಕಿರ್ ಎಂದಿತು.

ನನಗೆ ಪಿಕ್ಚರ್ ಯಾಕೆ ಬೇಕು? ನನ್ನ ಜೀವವೆಲ್ಲ ಅಕ್ಕನ ಮೇಲಿತ್ತು. ರೀಲು ಬದಲಿಸಲು ದೀಪ ಹತ್ತಿದಾಗಲೆಲ್ಲ ಅವಳನ್ನು ಚಿವುಟಿ, “ಈಗ ಹೋಗ ಬೇ” ಎನ್ನುತ್ತಿದ್ದೆ. ಅವಳು ಅರ್ಧ ಏಳುವಳು, ಮುಕಾದಮನ ಮುಖ ಕಾಣುವುದು, ಮತ್ತೆ ಕುಸಿದು ಕೂಡುವಳು. ಎರಡು ಸಲ ಹಾಗಾಯಿತು. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಪಿಕ್ಚರ್ ಮುಗಿದರೆ ಸಾವಕಾರರು ಎದ್ದು ಹೋಗುತ್ತಾರೆ, ಅಕ್ಕನ ಪರೀಕ್ಷೆಯೂ ಹೋದಂತೆಯೇ!

ಮೂರನೆಯ ರೀಲಿನಲ್ಲಿ ಒಬ್ಬ ಬಡಕಲು ಹುಡುಗಿ ಮಾಲೀಕನ ಮುಂದೆ ನಿಂತು ಏನೋ ಅಂದಳು. ಎಲ್ಲ ಹೆಂಗಸರೂ ಇಸ್ತ್ರಿ ಕೆಳಗಿಟ್ಟರು. ಮಾಸ್ತರರಿಗೆ ಹುರುಪು ಬಂತು. ಕೈ ಮೇಲೆತ್ತಿ, “ಸಂಪ ಝಾಲಾ!” ಎಂದು ಕೂಗಿದರು.

ಈಗ ನೀವು ಒಂದು ಮಾತು ತಿಳಿದುಕೊಳ್ಳಬೇಕು. ಮರಾಠಿಯಲ್ಲಿ ‘ಸಂಪ’ ಅಂದರೆ ಮುಷ್ಕರ, ಎಲ್ಲರೂ ಕೂಡಿ ಕೆಲಸ ನಿಲ್ಲಿಸುವುದು. ‘ಸಂಪಲಾ’ ಅಂದರೆ ಮುಗಿಯಿತು. ನಮ್ಮ ವಖಾರಿಯಲ್ಲಿ ಮುಷ್ಕರ ಎಂದೂ ಆಗಿರಲಿಲ್ಲ, ಹಾಗಾಗಿ ಆ ಮೊದಲ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಆದರೆ ದಿನಾ ಸಂಜೆ ಮುಕಾದಮ “ಕಾಮ ಸಂಪಲಾ!” ಎಂದು ಕೂಗುವುದು, ಹೆಂಗಸರು ಸೀರೆ ಕೊಡವಿ ಏಳುವುದು, ಅದು ರೂಢಿ. ಮಿಶಿನ್ನಿನ ಗರಗರದಲ್ಲಿ ನನಗೆ ಕೇಳಿಸಿದ್ದೂ ‘ಸಂಪಲಾ’ ಎಂದೇ. ಅಯ್ಯೋ, ಮುಗಿದೇ ಹೋಯಿತಲ್ಲ ಎಂದು ನಾನು ಪಟ್ಟನೆ ಎದ್ದು ನಿಂತೆ. ನನ್ನನ್ನು ನೋಡಿ ಆಯಿ ಎದ್ದಳು. ಆಯಿಯನ್ನು ನೋಡಿ ಸಾಲು ಎದ್ದಿತು, ಸಾಲಿನ ಹಿಂದೆ ಸಾಲು. ಪರದೆಯ ಮೇಲೂ ಹೆಂಗಸರು ನಿಂತಿದ್ದಾರೆ, ಕೆಳಗೂ ನಿಂತಿದ್ದಾರೆ!

“ದಿವಾ ಹಚ್ಚೋ! ಬಂದ್ ಮಾಡೋ ಅದನ್ನ!” ಸಾವಕಾರರು ಕುರ್ಚಿ ಬಿಟ್ಟು ಎದ್ದಿದ್ದರು. ಧೋತರದ ಚುಂಗು ಕೈಯಲ್ಲಿ, ಮುಖದ ತುಂಬ ಬೆವರು. “ಖುಷೀಲೆ ಪಿಕ್ಚರ್ ತೋರಿಸಿದ್ರ ನನಗ ಸಂಪ ಮಾಡ್ತೀರೇನ? ಏನ ಬೇಕ ನಿಮಗ? ಬಾಯಿ ಬಿಟ್ಟ ಹೇಳ್ರಿ!”

ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಯಿ ಕೈಮುಗಿದು ಮೆಲ್ಲಗೆ, “ಮನಿಗೆ ಹೋಗಬೇಕ್ರಿ ಎಪ್ಪಾ” ಎಂದಳು. ಪಾಪ, ಮುದುಕಿ ಅಂದದ್ದು ಅಷ್ಟೇ. ಸಾವಕಾರರಿಗೆ ಅದು ಕೆಲಸ ಬಿಟ್ಟು ಹೋಗುತ್ತೇವೆ ಎಂದು ಕೇಳಿಸಿತು. ತಂಬಾಕಿನ ಸುಗ್ಗಿಯ ದಿನಗಳು. ಅವರ ಮುಖ ಬಿಳಿಚಿತು.

ನಾನು ಎರಡೂ ಕೈಯಿಂದ ಅಕ್ಕನ ಬೆನ್ನು ದಬ್ಬಿದೆ. ಅವಳು ಮುಗ್ಗರಿಸಿ ಮುಂದೆ ಹೋಗಿ ನಿಂತಳು. ದಾರಿಯಲ್ಲಿ ಗುಣುಗುಣಿಸಿದ್ದೆಲ್ಲ ಒಂದೇ ಉಸಿರಿಗೆ ಬಂತು: “ನಾಳಿಂದ ಮೂರ ದಿನ ನಂದು ಮುಲ್ಕಿ ಪರೀಕ್ಷಾ ಐತ್ರಿ. ರಜಾ ಕೊಡ್ರಿ. ಅವ್ವನ ಜಾಗಾ ತಗಿಬ್ಯಾಡ್ರಿ.”

ಸಾವಕಾರರು ಅವಳನ್ನು ನೋಡಿದರು, ಹಿಂದೆ ನಿಂತ ಹೆಂಗಸರನ್ನು ನೋಡಿದರು. “ಇಷ್ಟನ?”

“ಇಷ್ಟ ರೀ.”

“ಹೋಗವ್ವಾ, ಬರಿ ಹೋಗು. ನಿಮ್ಮವ್ವನ ಜಾಗಾ ಎಲ್ಲೂ ಹೋಗೂದಿಲ್ಲ.” ಮುಕಾದಮನ ಕಡೆ ತಿರುಗಿ, “ಕೇಳಿಸ್ತಿಲ್ಲೋ?” ಎಂದರು. ಉಳಿದ ರೀಲುಗಳನ್ನು ಸಾವಕಾರರು ಹಚ್ಚಗೊಡಲಿಲ್ಲ, ಎಲ್ಲರಿಗೂ ಬುಂದಿ ಉಂಡಿ ಕೊಟ್ಟು ಮನೆಗೆ ಕಳಿಸಿದರು.

ದಾರಿಯಲ್ಲಿ ಹೆಂಗಸರು ನಕ್ಕರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಯಿಯೊಬ್ಬಳೇ ನಗಲಿಲ್ಲ. ಉಂಡಿ ಕೈಯಲ್ಲೇ ಹಿಡಿದು ನಿಂತು, “ಅಲ್ಲ ಬೇ, ನಾವ್ ಬರೇ ಎದ್ದ ನಿಂತೇವಿ. ಅಷ್ಟಕ್ಕ ಅವ್ರ ಅಂಜಿದ್ರಲ್ಲ!” ಎಂದಳು. ನಗು ನಿಂತಿತು. ಒಬ್ಬಳು, “ವಖಾರಿಗೆ ಕಿಡಕಿ ಕೇಳೂದಿತ್ತ, ಛೇ!” ಎಂದು ಹಣೆ ಬಡಿದುಕೊಂಡಳು. ಮುಂದಿನ ಮಳೆಗಾಲದೊಳಗೆ ಕಿಡಕಿ ಕೇಳಿದರು ಕೂಡ, ಈ ಸಲ ಬೇಕೆಂದೇ ಎದ್ದು ನಿಂತು.

ಮರುದಿನ ಅಪ್ಪ ಗಾಡಿ ಕಟ್ಟಿ ಅಕ್ಕನನ್ನು ಪರೀಕ್ಷೆಗೆ ಕರೆದುಕೊಂಡು ಹೋದ. ಅವಳು ಕೂಡುವ ಕಡೆ ತನ್ನ ಹೊಸ ಟವೆಲು ಹಾಸಿದ್ದ. ಅಕ್ಕ ಪಾಸಾದಳು. ಆ ಮುಲ್ಕಿಯ ಮೇಲೆಯೇ ಕಲಿತು ದವಾಖಾನೆಯಲ್ಲಿ ನರ್ಸಬಾಯಿ ಆದಳು. ನಿಮ್ಮ ಅಪ್ಪ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ.

ಈಗ ನಿಮ್ಮ ಕಾಲ. ಅಂಗೈಯಲ್ಲೇ ಟಾಕೀಸು. ಬೇಸರವಾದರೆ ಬೆರಳಿನಿಂದ ಸರಿಸುತ್ತೀರಿ, ಕೆಳಗೆ ಬರುವ ಅಕ್ಷರ ಓದುತ್ತೀರಿ, ಮಾಸ್ತರರೂ ಬೇಡ, ಪಕ್ಕದಲ್ಲಿ ಕೆಮ್ಮುವವರೂ ಬೇಡ. ನಮ್ಮ ಅಕ್ಕ ಪರೀಕ್ಷೆ ಬರೆಯಲು ರಜೆ ಕೇಳಿದಳು, ನೀವು ಪರೀಕ್ಷೆಗೇ ರಜೆ ಕೇಳುತ್ತೀರಿ, ಕಳ್ಳರು! ನಿಮ್ಮನ್ನು ಬೈಯಲಾರೆ ಬಿಡಿ. ಪರೀಕ್ಷೆ ಬರೆಯಲು ನೀವು ಯಾರ ಮುಂದೂ ಬೇಡಬೇಕಾಗಿಲ್ಲವಲ್ಲ, ಅದು ನನಗೆ ಸಂತೋಷವೇ.

ನಿನ್ನೆ ಇದೇ ಕಥೆ ಹೇಳಿದಾಗ ನನ್ನ ದೊಡ್ಡ ಮೊಮ್ಮಗಳು ಕೇಳಿದಳು: “ಅಜ್ಜಿ, ಆ ಪಿಕ್ಚರ್‌ದಾಗ ಕಡೀಕೆ ಏನಾತು? ಆ ಹುಡುಗಿ ಗೆದ್ದಳೇನ? ಕಥಿ ಹೇಳಿದ್ರ ಸಾಕು, ನಾ ಮೊಬೈಲ್‌ದಾಗ ಆ ಪಿಕ್ಚರ್ ಹುಡುಕಿ ಕೊಡತೀನಿ.” ನಾನು ಬೇಡ ಎಂದೆ. ನನ್ನ ಅಕ್ಕ ಗೆದ್ದದ್ದು ಕಣ್ಣಾರೆ ನೋಡಿದ್ದೇನೆ. ಅವಳು ಈಗ ಇಲ್ಲ. ಆ ಬಡಕಲು ಹುಡುಗಿ ಅಲ್ಲಿ ಸೋತಿದ್ದರೆ, ಈ ವಯಸ್ಸಿನಲ್ಲಿ ನನಗೆ ಅದು ತಡೆಯುವುದಿಲ್ಲ.